ಹೇಝಲ್‌ಟನ್ ನಾರ್ತ್: ಒಂದು ಸಮಾಧಿಯೊಳಗಿನ ಐದು ತಲೆಮಾರು

ಬೃಹತ್ ಶಿಲಾ ಸಮಾಧಿ ಎಂದೊಡನೆ ನಮಗೆ ನೆನಪಾಗುವುದು ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್. ಪರೀಕ್ಷೆಯಲ್ಲಿ ಎಡವುವುದೂ ಇಲ್ಲಿಯೇ. ಕರ್ನಾಟಕದ ಇಂಥ ಸಮಾಧಿಗಳಲ್ಲಿ ಹೆಚ್ಚಿನವು ಕಬ್ಬಿಣ ಯುಗದವು. ಬ್ರಿಟನ್ನಿನವು ನವಶಿಲಾಯುಗದವು, ಲೋಹವನ್ನೇ ಕಾಣದ ರೈತರು ಕಟ್ಟಿದವು. ನಡುವಿನ ಅಂತರ ಎರಡು ಸಾವಿರ ವರ್ಷಕ್ಕೂ ಹೆಚ್ಚು. ಒಂದಕ್ಕೊಂದು ನಂಟು ಹಚ್ಚಬೇಡಿ.

ಬ್ರಿಟನ್ನಿಗೆ ಬೇಸಾಯ ಬಂದದ್ದು ಸುಮಾರು ಕ್ರಿ.ಪೂ. 4000ರಲ್ಲಿ. ಗೋಧಿ, ಬಾರ್ಲಿ, ದನ, ಕುರಿಗಳೊಡನೆ ಬಂದವರ ಪೂರ್ವಜರ ಮೂಲ ಅನಟೋಲಿಯಾ, ಅಂದರೆ ಇಂದಿನ ಟರ್ಕಿ. ಕೆಲವೇ ಶತಮಾನಗಳಲ್ಲಿ ಅವರು ಕಲ್ಲಿನ ಸಮಾಧಿಗಳನ್ನು ಎಬ್ಬಿಸತೊಡಗಿದರು.

ಅವುಗಳಲ್ಲಿ ನಾವು ಬಿಡಿಸಿ ಓದಬೇಕಾದದ್ದು ಇಂಗ್ಲೆಂಡಿನ ಕಾಟ್ಸ್‌ವೋಲ್ಡ್ ಬೆಟ್ಟಸಾಲಿನ ಹೇಝಲ್‌ಟನ್ ನಾರ್ತ್. ಕಾಲ ಸುಮಾರು ಕ್ರಿ.ಪೂ. 3700. ಉದ್ದನೆಯ ಕಲ್ಲುರಾಶಿ, ಅದರೊಳಗೆ ಉತ್ತರಕ್ಕೊಂದು, ದಕ್ಷಿಣಕ್ಕೊಂದು ಕೋಣೆ. 2021ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನದಲ್ಲಿ 35 ಜನರ ಅವಶೇಷಗಳನ್ನು ಪರೀಕ್ಷಿಸಲಾಯಿತು. ಅವರಲ್ಲಿ 27 ಮಂದಿ ಐದು ತಲೆಮಾರಿನ ಒಂದೇ ಕುಟುಂಬದವರು! ಮೂಲಪುರುಷ ಒಬ್ಬ, ಅವನಿಗೆ ನಾಲ್ವರು ಹೆಂಗಸರಿಂದ ಮಕ್ಕಳು. ಆ ನಾಲ್ವರು ಸವತಿಯರಾಗಿ ಒಟ್ಟಿಗೆ ಬಾಳಿದರೋ, ಒಬ್ಬರ ನಂತರ ಒಬ್ಬರು ಬಂದರೋ, ಅದನ್ನು ಡಿಎನ್‌ಎ ಹೇಳಲಾರದು.

ವಂಶ ಸಾಗಿದ್ದು ತಂದೆಯಿಂದ ಮಗನಿಗೆ. ಕುಟುಂಬದಲ್ಲಿ ಹುಟ್ಟಿ ದೊಡ್ಡವರಾದ ಹೆಣ್ಣುಮಕ್ಕಳು ಇಲ್ಲಿ ಸಿಕ್ಕಿಲ್ಲ. ಅವರನ್ನು ಬೇರೆ ಮನೆತನಗಳಿಗೆ ಕೊಟ್ಟಿರಬೇಕು. ಇಷ್ಟಕ್ಕೇ ನಿಲ್ಲಿಸಿ ‘ಗಂಡಸರ ಸಮಾಜ’ ಎಂದು ಬರೆದುಬಿಡುವವರೇ ಹೆಚ್ಚು. ಆದರೆ ಯಾರನ್ನು ಯಾವ ಕೋಣೆಯಲ್ಲಿ ಇಡಬೇಕು ಎಂಬುದು ಆರಂಭದಲ್ಲಿ ನಿರ್ಧಾರವಾದದ್ದು ಮೂಲ ತಾಯಿಯನ್ನು ನೋಡಿ: ಇಬ್ಬರು ತಾಯಂದಿರ ಸಂತತಿ ದಕ್ಷಿಣಕ್ಕೆ, ಇನ್ನಿಬ್ಬರದು ಉತ್ತರಕ್ಕೆ. ನನ್ನ ಮಟ್ಟಿಗೆ ಇಡೀ ಅಧ್ಯಯನದ ತಿರುಳೇ ಇದು. ಮಲಮಕ್ಕಳಿಗೂ ಜಾಗ ಸಿಕ್ಕಿದೆ: ತಾಯಿ ಸಮಾಧಿಯಲ್ಲಿದ್ದಾಳೆ, ಮಗನ ಹೆತ್ತ ತಂದೆ ಇಲ್ಲ. ರಕ್ತಸಂಬಂಧವೇ ಇಲ್ಲದ ಎಂಟು ಮಂದಿಯೂ ಇದ್ದಾರೆ. ಅಂದರೆ ರಕ್ತವೊಂದೇ ಅರ್ಹತೆಯಾಗಿರಲಿಲ್ಲ.

ಹಾಗೆಂದು ಎಲ್ಲ ಸಮಾಧಿಗಳೂ ಕುಟುಂಬದವೇ ಎನ್ನುವಂತಿಲ್ಲ. ಸುಮಾರು ಐನೂರು ವರ್ಷಗಳ ನಂತರ ಐರ್ಲೆಂಡಿನಲ್ಲಿ ಎದ್ದ ನ್ಯೂಗ್ರೇಂಜ್ ಸುಮಾರು 85 ಮೀಟರ್ ಅಗಲದ ದಿಬ್ಬ. ಚಳಿಗಾಲದ ಅಯನ ಸಂಕ್ರಾಂತಿಯ ಬೆಳಗ್ಗೆ ಬಾಗಿಲ ಮೇಲಿನ ಕಿಂಡಿಯಿಂದ ಸೂರ್ಯಕಿರಣ ಒಳಕೋಣೆಯನ್ನು ಮುಟ್ಟುತ್ತದೆ. ಅಲ್ಲಿ ಸಿಕ್ಕ ಒಬ್ಬ ಪುರುಷನ ತಂದೆತಾಯಿ ಅಣ್ಣತಂಗಿಯಂಥ ಅತಿ ಹತ್ತಿರದ ರಕ್ತಸಂಬಂಧಿಗಳು ಎಂದು 2020ರ ಡಿಎನ್‌ಎ ಅಧ್ಯಯನ ತೋರಿಸಿತು. ಇಂಥ ಕೂಡಿಕೆಯನ್ನು ಸಮಾಜ ಒಪ್ಪಿದ ಉದಾಹರಣೆಗಳು ಇತಿಹಾಸದಲ್ಲಿ ಮುಖ್ಯವಾಗಿ ಸಿಗುವುದು ದೈವಾಂಶದವರೆನಿಸಿದ ರಾಜಮನೆತನಗಳಲ್ಲಿ. ಆದ್ದರಿಂದ ಆ ಸಂಶೋಧಕರು ಅಲ್ಲಿ ಆಳುವ ವರ್ಗವೊಂದಿತ್ತು ಎಂದು ವಾದಿಸುತ್ತಾರೆ. ಒಂದೇ ಅಸ್ಥಿಯಿಂದ ಅಷ್ಟು ದೂರ ಹೋಗಬಾರದು ಎಂಬ ಆಕ್ಷೇಪವೂ ಇದೆ.