ಪಿಎಚ್.ಡಿ. ಮುಗಿಯುವಷ್ಟರಲ್ಲಿ ನಿಯಮವೇ ಬದಲು

ವಿಶ್ವವಿದ್ಯಾಲಯದ ವಿಭಾಗಗಳಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು 2021ರ ಜುಲೈಯಿಂದ ಪಿಎಚ್.ಡಿ. ಕಡ್ಡಾಯ ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರಲ್ಲಿ ಸಾರಿತು. ಆ ಮಾತನ್ನು ನಂಬಿ ಮುಂಬಯಿ ವಿಶ್ವವಿದ್ಯಾಲಯದ ಕಲೀನಾದಲ್ಲೂ ಪುಣೆ ವಿಶ್ವವಿದ್ಯಾಲಯದ ಗಣೇಶಖಿಂಡದಲ್ಲೂ ಕೈಯಲ್ಲಿದ್ದ ಸಣ್ಣಪುಟ್ಟ ಕೆಲಸ ಬಿಟ್ಟು ಸಂಶೋಧನೆಗೆ ಇಳಿದವರಿದ್ದಾರೆ. ಕೋವಿಡ್ ಬಂತು, ಗಡುವು 2023ರ ಜುಲೈಗೆ ಸರಿಯಿತು. ಆ ಗಡುವು ಬಾಗಿಲಿಗೆ ಬಂದು ನಿಂತಾಗ ಜೂನ್ 30ರ ದಿನಾಂಕ ಹೊತ್ತ ಇನ್ನೊಂದು ತಿದ್ದುಪಡಿ ಹೊರಬಿತ್ತು: ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ನೆಟ್ (ರಾಷ್ಟ್ರಮಟ್ಟದ್ದು) ಅಥವಾ ಸೆಟ್ (ರಾಜ್ಯಮಟ್ಟದ್ದು) ಪಾಸಾಗಿದ್ದರೆ ಸಾಕು, ಪಿಎಚ್.ಡಿ. ಐಚ್ಛಿಕ. ಈ ನಡುವೆ 2022ರ ನವೆಂಬರ್‌ನಲ್ಲಿ ಎಂ.ಫಿಲ್. ಪದವಿಯೇ ರದ್ದಾಯಿತು. ಮಹಾಪ್ರಬಂಧ ಸಲ್ಲಿಸುವ ಮುನ್ನ ಸಂಶೋಧನಾ ಪತ್ರಿಕೆಯಲ್ಲಿ ಲೇಖನ ಪ್ರಕಟವಾಗಿರಬೇಕು ಎಂಬ ಷರತ್ತೂ ಹೋಯಿತು. ಒಬ್ಬರು ಒಂದು ಮಹಾಪ್ರಬಂಧ ಬರೆದು ಮುಗಿಸುವ ಅವಧಿಯಲ್ಲಿ ಇಷ್ಟೆಲ್ಲ ನಡೆದುಹೋಯಿತು.

ಇವುಗಳಲ್ಲಿ ಕೆಲವು ಒಳ್ಳೆಯ ಬದಲಾವಣೆಗಳೇ. ಲೇಖನ ಪ್ರಕಟಣೆ ಕಡ್ಡಾಯವಾಗಿದ್ದಾಗ ದುಡ್ಡು ತೆಗೆದುಕೊಂಡು ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳು ನಾಯಿಕೊಡೆಯಂತೆ ಎದ್ದಿದ್ದವು. ಅವನ್ನು ತಡೆಯಲು ತಂದ ಯುಜಿಸಿ-ಕೇರ್ ಎಂಬ ಮಾನ್ಯ ಪತ್ರಿಕೆಗಳ ಪಟ್ಟಿಯನ್ನೂ 2025ರ ಫೆಬ್ರವರಿಯಲ್ಲಿ ಕೈಬಿಡಲಾಯಿತು. ನನ್ನ ತಕರಾರು ಬದಲಾವಣೆಯ ಬಗ್ಗೆ ಅಲ್ಲ, ಅದರ ಖರ್ಚು ಯಾರ ತಲೆಗೆ ಬೀಳುತ್ತದೆ ಎಂಬುದರ ಬಗ್ಗೆ. ಅಪ್ಪನೋ ಅತ್ತೆಯೋ ಪ್ರಾಧ್ಯಾಪಕರಾಗಿರುವ ಮನೆಯಲ್ಲಿ ಸುತ್ತೋಲೆ ಬರುವ ಮೊದಲೇ ಅದರ ಸುದ್ದಿ ಊಟದ ಹೊತ್ತಿಗೆ ಬಂದಿರುತ್ತದೆ. ಮನೆತನದಲ್ಲೇ ಮೊದಲ ಪದವೀಧರರಾದ ದಲಿತ, ಆದಿವಾಸಿ, ಮುಸ್ಲಿಂ ಅಥವಾ ವಲಸೆ ಕುಟುಂಬದ ಸಂಶೋಧಕರಿಗೆ ಅದು ತಿಳಿಯುವುದು ಅರ್ಜಿ ತಿರಸ್ಕೃತವಾದ ಮೇಲೆ. ನಮ್ಮಲ್ಲಿ ನೆರವಿನ ಯೋಜನೆಗಳು ಕಡಿಮೆಯೇನೂ ಇಲ್ಲ. ಆದರೆ ಅವೆಲ್ಲ ಪ್ರವೇಶದಿಂದ ಪದವಿಯವರೆಗೆ ಕೈಹಿಡಿದು ನಡೆಸಿ, ಉದ್ಯೋಗದ ಹೊಸ್ತಿಲಲ್ಲಿ ಕೈಬಿಡುತ್ತವೆ. ಇದು ನಿನ್ನೆ ಮೊನ್ನೆಯ ಕಥೆಯಲ್ಲ.

ಬಡೋದೆಯ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನ ಪಡೆದು ಅಂಬೇಡ್ಕರರು 1913ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಓದು ಮುಗಿದ ಮೇಲೆ ಸಂಸ್ಥಾನದ ಸೇವೆ ಮಾಡಬೇಕೆಂಬ ಕರಾರು ಇತ್ತು. 1917ರಲ್ಲಿ ಬಡೋದೆಗೆ ಹೋದಾಗ ನೌಕರಿಯೇನೋ ಇತ್ತು, ಇರಲು ಮನೆ ಸಿಗಲಿಲ್ಲ. ಮರುವರ್ಷ ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾದರು. ಅಲ್ಲಿ ಸಹೋದ್ಯೋಗಿಗಳು ನೀರಿನ ಹೂಜಿ ಮುಟ್ಟಬಾರದೆಂದು ಆಕ್ಷೇಪಿಸಿದರು. ಉಳಿತಾಯ, ಕೊಲ್ಹಾಪುರದ ಶಾಹೂ ಮಹಾರಾಜರ ನೆರವು, ಗೆಳೆಯನ ಸಾಲ, ಇಷ್ಟನ್ನೂ ಜೋಡಿಸಿಕೊಂಡು, ಅರ್ಧಕ್ಕೆ ನಿಂತಿದ್ದ ಓದಿಗಾಗಿ 1920ರಲ್ಲಿ ಲಂಡನ್ನಿಗೆ ಮರಳಿದರು. ಓದಿಗೆ ವೇತನ ಕೊಟ್ಟ ವ್ಯವಸ್ಥೆ ಓದಿದವನಿಗೆ ಬದುಕುವ ಜಾಗ ಕೊಡಲಿಲ್ಲ. ಆಮೇಲಿನ ನೂರು ವರ್ಷಗಳ ಯೋಜನೆಗಳನ್ನು ಓದುವಾಗ ಈ ಘಟನೆ ನೆನಪಿನಲ್ಲಿರಬೇಕು.

ಕನ್ನಡಿಗರಿಗೂ ಮುಂಬಯಿಗೂ ಉನ್ನತ ಶಿಕ್ಷಣದ ನಂಟು ಹಳೆಯದು. ಧಾರವಾಡದ ಕರ್ನಾಟಕ ಕಾಲೇಜು ಇದ್ದದ್ದು ಮುಂಬಯಿ ವಿಶ್ವವಿದ್ಯಾಲಯದ ಅಧೀನದಲ್ಲಿ. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಹುಟ್ಟಿದ್ದೇ ಮುಂಬಯಿಯಲ್ಲಿ. ಧಾರವಾಡಕ್ಕೆ ಹೋದದ್ದು ಮರುವರ್ಷ. ಪುಣೆಯ ಡೆಕ್ಕನ್ ಕಾಲೇಜು ಡಿ. ಎನ್. ಶಂಕರ ಭಟ್ಟರಂಥ ಭಾಷಾವಿಜ್ಞಾನಿಗಳಿಗೆ ನೆಲೆಯಾಗಿತ್ತು. ಆದರೆ ಇಲ್ಲಿಗೆ ಬಂದ ಕನ್ನಡಿಗರಲ್ಲಿ ಬಹುಪಾಲು ಜನ ಬಂದದ್ದು ಓದಲಿಕ್ಕಲ್ಲ, ಹೊಟ್ಟೆಪಾಡಿಗೆ. ಅವರ ಮೊಮ್ಮಕ್ಕಳು ಈಗ ಸಂಶೋಧನೆಗೆ ನೋಂದಾಯಿಸುತ್ತಿದ್ದಾರೆ.

ಸರ್ಕಾರದ ಯೋಜನೆಗಳ ಸಾಲು 1944ರಲ್ಲಿ ಪರಿಶಿಷ್ಟ ಜಾತಿಯವರ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದಿಂದ ಶುರುವಾಗುತ್ತದೆ. ಸಂಶೋಧಕರಿಗಾಗಿಯೇ ಒಂದು ಯೋಜನೆ ಬರಲು 2005-06ರವರೆಗೆ ಕಾಯಬೇಕಾಯಿತು: ಪರಿಶಿಷ್ಟ ಜಾತಿ, ಪಂಗಡದವರಿಗೆ ರಾಜೀವ್ ಗಾಂಧಿ ರಾಷ್ಟ್ರೀಯ ಫೆಲೋಶಿಪ್. ಮುಸ್ಲಿಮರ ಸ್ಥಿತಿಗತಿ ಅಧ್ಯಯನ ಮಾಡಿದ ಸಾಚಾರ್ ಸಮಿತಿ 2006ರಲ್ಲಿ ವರದಿ ಕೊಟ್ಟ ಬಳಿಕ, 2009-10ರಲ್ಲಿ ಧಾರ್ಮಿಕ ಅಲ್ಪಸಂಖ್ಯಾತರಿಗೆ ಮೌಲಾನಾ ಆಜಾದ್ ಫೆಲೋಶಿಪ್ ಬಂತು. ಮೊದಲಿಗೆ ಇವಕ್ಕೆ ನೆಟ್ ಪಾಸಾಗಿರಬೇಕೆಂಬ ಷರತ್ತು ಇರಲಿಲ್ಲ, ಆಮೇಲೆ ಸೇರಿಕೊಂಡಿತು. ಮೌಲಾನಾ ಆಜಾದ್ ಫೆಲೋಶಿಪ್ ಅನ್ನು 2022-23ರಿಂದ ನಿಲ್ಲಿಸುವುದಾಗಿ 2022ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಪ್ರಕಟಿಸಲಾಯಿತು. ಬೇರೆ ಯೋಜನೆಗಳೊಂದಿಗೆ ಇದು ಹೆಣೆದುಕೊಂಡಿದೆ ಎಂಬುದು ಸರ್ಕಾರ ಕೊಟ್ಟ ಕಾರಣ. ಆಗಲೇ ಆಯ್ಕೆಯಾಗಿದ್ದವರಿಗೆ ಅವಧಿ ಮುಗಿಯುವವರೆಗೆ ಹಣ ಕೊಡುವುದಾಗಿ ಹೇಳಿತು. ಆದರೆ ಎಂ.ಎ. ಮುಗಿಸಿ, ಮುಂದಿನ ವರ್ಷ ಅರ್ಜಿ ಹಾಕೋಣ ಎಂದುಕೊಂಡಿದ್ದ ಹುಡುಗಿಯ ಮಟ್ಟಿಗೆ ಯೋಜನೆ ಹುಟ್ಟಿಯೇ ಇರಲಿಲ್ಲ ಎಂದಂತೆ.

ನಡುದಾರಿಯಲ್ಲಿ ಸಿಕ್ಕಿಬಿದ್ದವರ ಪಾಡಿಗೆ ಇನ್ನೂ ಹಳೆಯ ಉದಾಹರಣೆಯಿದೆ. ನೆಟ್ ಪರೀಕ್ಷೆ 1989ರಲ್ಲಿ ಶುರುವಾದದ್ದು. ಪಿಎಚ್.ಡಿ. ಇದ್ದವರಿಗೆ ಅದರಿಂದ ವಿನಾಯಿತಿ ಇದ್ದ ಕಾಲವೂ ಉಂಟು. 2009ರ ನಿಯಮಾವಳಿ ಬಂದು, ಅದರ ಪ್ರಕಾರ ಪಡೆದ ಪದವಿಗಷ್ಟೇ ವಿನಾಯಿತಿ ಎಂದಾಗ, ಹಳೆಯ ಪದ್ಧತಿಯಲ್ಲಿ ಓದಿದವರ ಪದವಿ ಇದ್ದೂ ಇಲ್ಲದಂತಾಯಿತು. 2015ರಲ್ಲಿ ಸುಪ್ರೀಂ ಕೋರ್ಟ್ ಯುಜಿಸಿಯ ನಿಲುವನ್ನೇ ಎತ್ತಿಹಿಡಿಯಿತು. ಕೊನೆಗೆ 2009ರ ಜುಲೈ 11ಕ್ಕಿಂತ ಮೊದಲು ನೋಂದಾಯಿಸಿದವರಿಗೆ ಷರತ್ತುಗಳ ಮೇಲೆ ವಿನಾಯಿತಿ ಕೊಟ್ಟದ್ದು 2016ರಲ್ಲಿ. ಕೋರ್ಟು ಕಚೇರಿ ಅಲೆಯುವ ತಾಕತ್ತು ಇದ್ದವರು ಏಳು ವರ್ಷ ಕಾದರು. ಇಲ್ಲದವರು ಬೇರೆ ದಾರಿ ನೋಡಿಕೊಂಡರು.

ಮುಂಬಯಿ, ಪುಣೆ, ಗೋವಾದ ಕನ್ನಡಿಗ ಸಂಶೋಧಕರಿಗೆ ಇದರ ಮೇಲೆ ಇನ್ನೊಂದು ಗಂಟು ಇದೆ. ಅದು ಬಿದ್ದದ್ದು ಮುಂಬಯಿಯಲ್ಲೇ. ಆಂಧ್ರದಲ್ಲಿ ಪರಿಶಿಷ್ಟ ಪಂಗಡವೆನಿಸಿದ ಸಮುದಾಯದ ಹುಡುಗನೊಬ್ಬ ತಂದೆಯ ನೌಕರಿಯ ಕಾರಣ ಬಾಲ್ಯದಲ್ಲೇ ಈ ನಗರಕ್ಕೆ ಬಂದಿದ್ದ. ಪರಳ್‌ನ ಸೇಠ್ ಜಿ.ಎಸ್. ವೈದ್ಯಕೀಯ ಕಾಲೇಜಿನಲ್ಲಿ ಮೀಸಲು ಸೀಟು ಕೇಳಿದ. ಪ್ರಕರಣ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದವರೆಗೆ ಹೋಯಿತು. ಒಂದು ರಾಜ್ಯದಲ್ಲಿ ಪರಿಶಿಷ್ಟರಾದವರು ಇನ್ನೊಂದು ರಾಜ್ಯಕ್ಕೆ ಹೋದರೆ ಆ ಸ್ಥಾನ ಜೊತೆಗೆ ಬರುವುದಿಲ್ಲ ಎಂದು 1990ರಲ್ಲಿ ತೀರ್ಪಾಯಿತು. 2018ರಲ್ಲಿ ಇನ್ನೊಂದು ಸಂವಿಧಾನ ಪೀಠ ಅದನ್ನೇ ದೃಢಪಡಿಸಿತು.

ಲಂಬಾಣಿಗರನ್ನು ನೋಡಿ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ (ಪರಿಶಿಷ್ಟರ ಪಟ್ಟಿಗಳಿಂದ ಬೇರೆಯಾದ ರಾಜ್ಯದ ವರ್ಗ). ಗೋವಾದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿರುವುದು ಐದೇ ಹೆಸರು, ಅದರಲ್ಲಿ ಇವರಿಲ್ಲ. ವಾಸ್ಕೋದ ಬೈನಾದಲ್ಲೋ ಝುವಾರಿನಗರದಲ್ಲೋ ಹುಟ್ಟಿ ಬೆಳೆದ ಲಂಬಾಣಿ ಹುಡುಗಿ ತಾಳೆಗಾಂವ್‌ನ ಗೋವಾ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ಸೇರಿದರೆ, ತಂದೆಯ ಊರಿನ ಪ್ರಮಾಣಪತ್ರದ ಮೇಲೆ ಕೇಂದ್ರದ ಫೆಲೋಶಿಪ್‌ಗೆ ಅರ್ಜಿ ಹಾಕಬಹುದು. ಐದು ವರ್ಷ ಆಕೆ ಪರಿಶಿಷ್ಟ ಜಾತಿಯ ಸಂಶೋಧಕಿ. ರಾಜ್ಯದ ಕಾಲೇಜಿನ ಹುದ್ದೆಗೆ ಅರ್ಜಿ ಹಾಕುವ ದಿನ ಸಾಮಾನ್ಯ ವರ್ಗ. ಆಕೆಯ ಮನೆ, ತಾಯಿಯ ಕೂಲಿ, ಬೀದಿಯ ನಲ್ಲಿ ಯಾವುದೂ ಬದಲಾಗಿರುವುದಿಲ್ಲ.

ಎರಡೂ ರಾಜ್ಯಗಳ ಪಟ್ಟಿಯಲ್ಲಿ ಹೆಸರಿದ್ದರೂ ಬಿಡುಗಡೆಯಿಲ್ಲ. ಹೊಲೆಯ, ಮಾದಿಗ ಸಮುದಾಯಗಳು ಮಹಾರಾಷ್ಟ್ರದ ಪಟ್ಟಿಯಲ್ಲೂ ಇವೆ. ಆದರೆ ಇಲ್ಲಿನ ಪ್ರಮಾಣಪತ್ರ ಬೇಕಾದರೆ ಪರಿಶಿಷ್ಟ ಜಾತಿಯವರ ಕುಟುಂಬ 1950ರ ಆಗಸ್ಟ್ 10ಕ್ಕಿಂತ ಮೊದಲೇ ಮಹಾರಾಷ್ಟ್ರದಲ್ಲಿ ನೆಲೆಸಿದ್ದಕ್ಕೆ ದಾಖಲೆ ಕೊಡಬೇಕು. ವಿಮುಕ್ತ ಜಾತಿಗಳಿಗೆ 1961ರ ನವೆಂಬರ್ 21, ಹಿಂದುಳಿದ ವರ್ಗಗಳಿಗೆ 1967ರ ಅಕ್ಟೋಬರ್ 13. ಆ ಮೇಲೆ ಜಾತಿ ಪ್ರಮಾಣಪತ್ರ ಪರಿಶೀಲನಾ ಸಮಿತಿಯ ಮುದ್ರೆ. ಇಲ್ಲಿನವರು ಅದನ್ನು ‘ವ್ಯಾಲಿಡಿಟಿ’ ಎಂದಷ್ಟೇ ಕರೆಯುತ್ತಾರೆ. ತಮಾಷೆ ನೋಡಿ: 1950ರಲ್ಲಿ ವಿಜಾಪುರ, ಬೆಳಗಾವಿ, ಧಾರವಾಡ ಮುಂಬಯಿ ರಾಜ್ಯದೊಳಗೇ ಇದ್ದವು. ಅಜ್ಜ ತನ್ನ ರಾಜ್ಯ ಬಿಟ್ಟು ಎಲ್ಲಿಗೂ ಹೋಗಲಿಲ್ಲ, 1956ರಲ್ಲಿ ಗಡಿಯೇ ಅವನನ್ನು ದಾಟಿತು.

ಇನ್ನು ಅಜ್ಜ ನಿಜವಾಗಿಯೂ ಮುಂಬಯಿಗೇ ಬಂದಿದ್ದ ಎಂದುಕೊಳ್ಳಿ. ಫೋರ್ಟ್‌ನ ಕ್ಯಾಂಟೀನಿನಲ್ಲಿ ಹಗಲು ಲೋಟ ತೊಳೆದು, ರಾತ್ರಿ ಅಲ್ಲಿಯದೇ ಬೆಂಚಿನ ಮೇಲೆ ಮಲಗಿದವನ ಬಳಿ ಬಾಡಿಗೆ ಚೀಟಿ ಎಲ್ಲಿಂದ ಬರಬೇಕು? ರೇಷನ್ ಕಾರ್ಡು ಸಂಸಾರ ಬಂದ ಮೇಲಿನದು. ಅವನ ಹೆಸರು, ಜಾತಿ, ಹುಟ್ಟೂರು, ಸೇರಿದ ತಾರೀಕು ಒಟ್ಟಿಗೆ ಬರೆದಿಟ್ಟ ಒಂದೇ ಕಾಗದ ಕನ್ನಡ ರಾತ್ರಿ ಶಾಲೆಯ ದಾಖಲಾತಿ ಪುಸ್ತಕ, ಅದರಿಂದ ಕೊಟ್ಟ ಎಲ್.ಸಿ. (ಶಾಲೆ ಬಿಟ್ಟ ಪ್ರಮಾಣಪತ್ರ). ಇಂದಿನ ಸಂಶೋಧಕನ ನೌಕರಿ ಅಜ್ಜ ಐದನೇ ಇಯತ್ತೆಗೆ ಸೇರಿದ್ದನೋ ಇಲ್ಲವೋ ಎಂಬುದರ ಮೇಲೆ ನಿಂತಿರುತ್ತದೆ.

ಪುಣೆಯಲ್ಲಿರುವ ಪರಿಶಿಷ್ಟ ಜಾತಿಯವರಿಗಾಗಿ ಇರುವ ಬಾರ್ಟಿ, ಮರಾಠರಿಗಾಗಿ ಇರುವ ಸಾರಥಿಯಂಥ ರಾಜ್ಯ ಸಂಸ್ಥೆಗಳು ಸಂಶೋಧಕರಿಗೆ ಫೆಲೋಶಿಪ್ ಕೊಡುತ್ತವೆ. ಅದೂ ಮಹಾರಾಷ್ಟ್ರದವರಿಗೇ. ಅದಕ್ಕೂ ಸಂಶೋಧಕರು ಆಜಾದ್ ಮೈದಾನದಲ್ಲಿ ಧರಣಿ ಕೂರಬೇಕಾಗಿ ಬಂದಿದೆ.

ಹಾಗಾದರೆ ಕನ್ನಡಿಗರದೇ ಕಾಲೇಜುಗಳಿವೆಯಲ್ಲ ಎಂದು ಯಾರಾದರೂ ಕೇಳಬಹುದು. ಇವೆ. ಮಹಾರಾಷ್ಟ್ರದಲ್ಲಿ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರು. ಸಂವಿಧಾನದ 30ನೇ ವಿಧಿಯಂತೆ ತಮ್ಮ ವಿದ್ಯಾಸಂಸ್ಥೆ ನಡೆಸುವ ಹಕ್ಕು ಅವರಿಗಿದೆ. ಯಾರು ಅಲ್ಪಸಂಖ್ಯಾತರು ಎಂಬುದನ್ನು ರಾಜ್ಯವಾರು ನೋಡಬೇಕೆಂದು 2002ರ ಟಿ.ಎಂ.ಎ. ಪೈ ಪ್ರಕರಣದಲ್ಲಿ ತೀರ್ಮಾನವಾಗಿದೆ. ಸೀಟು ಹಂಚುವಾಗ ಈ ಸ್ಥಾನ ಬಹಳ ಉಪಯೋಗಕ್ಕೆ ಬರುತ್ತದೆ. ಅಧ್ಯಾಪಕರ ನೇಮಕದಲ್ಲಿ ಕಥೆ ಬೇರೆ. ಅನುದಾನಿತ ಅಲ್ಪಸಂಖ್ಯಾತ ಶಾಲೆಗಳ ಮೇಲೆ ಪರಿಶಿಷ್ಟರ ನೇಮಕಾತಿ ಮೀಸಲನ್ನು ಹೇರುವಂತಿಲ್ಲ ಎಂದು ದೆಹಲಿಯ ಸಿಂಧಿ ಶಿಕ್ಷಣ ಸಂಸ್ಥೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿತು. ಪರಿಣಾಮ ಹೀಗೆ: ಕಲಬುರಗಿ ಮೂಲದ ದಲಿತ ಸಂಶೋಧಕನಿಗೆ ಮರಾಠಿಗರ ಕಾಲೇಜಿನಲ್ಲಿ ಮೀಸಲು ಇದೆ, ಅವನ ಬಳಿ ಬೇಕಾದ ಪ್ರಮಾಣಪತ್ರವಿಲ್ಲ. ಕನ್ನಡಿಗರ ಕಾಲೇಜಿನಲ್ಲಿ ಅವನು ನಮ್ಮವನೇ, ಮೀಸಲಿನ ಕಟ್ಟುಪಾಡಿಲ್ಲ. ಕಾನೂನು ಬೇಡ ಎಂದದ್ದನ್ನು ಸಂಸ್ಥೆ ತಾನಾಗಿ ಮಾಡಬಾರದೆಂದೇನೂ ಇಲ್ಲ. ಎಷ್ಟು ಆಡಳಿತ ಮಂಡಳಿಗಳು ಮಾಡುತ್ತವೆ ಎಂದು ಕೇಳಿದರೆ ಸಭೆಯಲ್ಲಿ ಮಾತು ಬೇರೆ ಕಡೆ ತಿರುಗುತ್ತದೆ.

ಹೀಗಾಗಿ ಉಳಿಯುವುದು ಸಿ.ಎಚ್.ಬಿ., ಅಂದರೆ ಗಂಟೆ ಲೆಕ್ಕದ ಪಾಠ. ಮಹಾರಾಷ್ಟ್ರದ ಕಾಲೇಜುಗಳಲ್ಲಿ ಇದು ವರ್ಷಗಟ್ಟಲೆಯ ಬದುಕಾಗಿಬಿಟ್ಟಿದೆ. ತೆಗೆದುಕೊಂಡ ತಾಸಿಗೆ ಹಣ; ರಜೆಗೆ, ಪರೀಕ್ಷೆಯ ತಿಂಗಳಿಗೆ ಇಲ್ಲ. ಪ್ರತಿ ಜೂನ್‌ನಲ್ಲಿ ಹೊಸ ಸಂದರ್ಶನ. ಡೊಂಬಿವಲಿಯಲ್ಲಿ ಬೆಳಗಿನ ಎರಡು ತಾಸು, ಲೋಕಲ್ ಹಿಡಿದು ಮುಲುಂಡ್‌ನಲ್ಲಿ ಮಧ್ಯಾಹ್ನದ ಎರಡು ತಾಸು, ಸಂಜೆ ಟ್ಯೂಷನ್. ಹೆಸರಾಂತ ಸಂಸ್ಥೆಗಳಲ್ಲೂ ನೆಲ ಗಟ್ಟಿಯಿಲ್ಲ. 2024ರ ಜೂನ್ ಕೊನೆಯಲ್ಲಿ ದೇವನಾರ್‌ನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ತನ್ನ ವಿವಿಧ ಆವರಣಗಳ ನೂರಕ್ಕೂ ಹೆಚ್ಚು ಗುತ್ತಿಗೆ ಸಿಬ್ಬಂದಿಗೆ ಕೆಲಸ ಮುಗಿಯಿತು ಎಂದು ಪತ್ರ ಕೊಟ್ಟಿತ್ತು. ಟಾಟಾ ಟ್ರಸ್ಟ್ ಹಣದ ಭರವಸೆ ಕೊಟ್ಟ ಮೇಲೆ, ಎರಡು ದಿನಗಳಲ್ಲಿ ಹಿಂದಕ್ಕೆ ಪಡೆಯಿತು. ಅದೇ ತಿಂಗಳ 18ರಂದು ನಡೆದ ನೆಟ್ ಪರೀಕ್ಷೆ ಮರುದಿನವೇ ರದ್ದಾಗಿತ್ತು. ಆ ವರ್ಷದಿಂದ ಪಿಎಚ್.ಡಿ. ಪ್ರವೇಶಕ್ಕೂ ನೆಟ್ ಅಂಕವನ್ನೇ ಬಳಸಲು ಯುಜಿಸಿ ಹೇಳಿದ್ದರಿಂದ ಒಂದು ಪರೀಕ್ಷೆಯ ರದ್ದತಿ ಎರಡು ಬಾಗಿಲುಗಳನ್ನು ಒಟ್ಟಿಗೆ ಮುಚ್ಚಿತು.

ನೆರವು ಎಂದರೆ ಏನು ಎಂಬುದನ್ನು ನಮ್ಮ ಸಂಘಗಳೂ ಸ್ವಲ್ಪ ಯೋಚಿಸಬೇಕು. ಮುಂಬಯಿಯ ಕನ್ನಡ, ತುಳು ಸಂಘಗಳು ಹತ್ತನೇ ತರಗತಿಯಿಂದ ಪದವಿಯವರೆಗೆ ವಿದ್ಯಾರ್ಥಿವೇತನ ಕೊಡುವುದರಲ್ಲಿ ಹಿಂದೆ ಬಿದ್ದಿಲ್ಲ. ಪಿಎಚ್.ಡಿ. ಆದವರಿಗೆ ಮಾತ್ರ ಸಿಗುವುದು ಶಾಲು, ಹಾರ, ಫಲಪುಷ್ಪ ಮತ್ತು ಒಂದು ಗ್ರೂಪ್ ಫೋಟೊ. ಈಗೆಲ್ಲಿ ಪಾಠ ಮಾಡುತ್ತಿದ್ದೀರಿ, ವ್ಯಾಲಿಡಿಟಿ ಆಯಿತೇ, ಫೆಲೋಶಿಪ್ ತಿಂಗಳು ತಿಂಗಳು ಬರುತ್ತಿದೆಯೇ ಎಂದು ವೇದಿಕೆಯ ಮೇಲೆ ಯಾರೂ ಕೇಳುವುದಿಲ್ಲ. ಶಾಲಿನ ಖರ್ಚಿನಲ್ಲಿ ತಿಂಗಳಿಗೊಮ್ಮೆ ನಿವೃತ್ತ ಪ್ರಾಧ್ಯಾಪಕರೊಬ್ಬರನ್ನೂ ವಕೀಲರೊಬ್ಬರನ್ನೂ ಸಂಘದ ಕಚೇರಿಯಲ್ಲಿ ಕೂರಿಸಿದರೆ, ಹೊಸ ಸುತ್ತೋಲೆ ಯಾರಿಗೆ ಅನ್ವಯ, ಯಾರಿಗೆ ಅಲ್ಲ ಎಂದು ಓದಿ ಹೇಳಬಹುದು. ಕಾಲೇಜಿನಾಚೆ ಅನುವಾದ, ಪತ್ರಾಗಾರ, ಸ್ವಯಂಸೇವಾ ಸಂಸ್ಥೆಗಳ ಸಮೀಕ್ಷೆ, ಪ್ರಕಾಶನ ಇಂಥ ಕಡೆ ಸಂಶೋಧಕರಿಗೆ ಯಾವ ಕೆಲಸವಿದೆ ಎಂಬುದನ್ನು ಆ ಕೆಲಸದಲ್ಲಿರುವವರಿಂದಲೇ ಹೇಳಿಸಬಹುದು.

ಸರ್ಕಾರದಿಂದ ಕೇಳಬೇಕಾದದ್ದು ಒಂದೇ: ನೋಂದಣಿಯ ದಿನ ಯಾವ ನಿಯಮ ಇತ್ತೋ, ನೇಮಕಾತಿಯ ದಿನವೂ ಆ ವಿದ್ಯಾರ್ಥಿಗೆ ಅದೇ ನಿಯಮ. 2025ರ ಜನವರಿಯಲ್ಲಿ ಯುಜಿಸಿ ಅಧ್ಯಾಪಕರ ನೇಮಕಾತಿಗೆ ಇನ್ನೊಂದು ಕರಡನ್ನು ಹೊರಡಿಸಿ ಅಭಿಪ್ರಾಯ ಕೇಳಿತ್ತು. ಅಂಥ ಹೊತ್ತಿನಲ್ಲಿ ಮುಂಬಯಿ, ಪುಣೆ, ಗೋವಾದ ಸಂಘಗಳು ಒಟ್ಟಾಗಿ ಒಂದು ಪುಟದ ಮನವಿ ಕಳಿಸಲು ದೊಡ್ಡ ಖರ್ಚೇನೂ ಇಲ್ಲ. ಅದಕ್ಕಿಂತ ಅವಸರದ ಕೆಲಸ ರಾತ್ರಿ ಶಾಲೆಗಳದು. ವಿದ್ಯಾರ್ಥಿಗಳಿಲ್ಲದೆ ಮುಚ್ಚಿದ ಶಾಲೆಗಳ ದಾಖಲಾತಿ ಪುಸ್ತಕಗಳು ಈಗ ಯಾರ ವಶದಲ್ಲಿವೆ, 1967ಕ್ಕಿಂತ ಹಿಂದಿನವು ಎಷ್ಟು ಉಳಿದಿವೆ, ಅವುಗಳ ದೃಢೀಕೃತ ಪ್ರತಿ ಪಡೆಯಲು ಯಾರ ಸಹಿ ಬೇಕು ಎಂಬುದನ್ನು ಈ ಮಳೆಗಾಲಕ್ಕೆ ಮೊದಲೇ ವಿಚಾರಿಸಿ, ಪುಟ ಪುಟವಾಗಿ ಸ್ಕ್ಯಾನ್ ಮಾಡಿಸಬೇಕು.