ಚೆರೊಕಿ ಬೂಗರ್ ಮುಖವಾಡ ಕೆತ್ತನೆ: ಕಲಿಯುವವರಿಗೆ ಟಿಪ್ಪಣಿ

ಅಮೆರಿಕದ ಮೂಲನಿವಾಸಿಗಳಾದ ಚೆರೊಕಿ ಜನರಲ್ಲಿ ಮುಖವಾಡಗಳು ಹಲವು ಬಗೆ. ಕರಡಿ, ಜಿಂಕೆಯವು ಬೇಟೆಗೆ ಸಂಬಂಧಿಸಿದವು. ನೆತ್ತಿಯ ಮೇಲೆ ಹಾವು ಸುರುಳಿ ಸುತ್ತಿದ್ದರೆ ಅದು ಯೋಧನದು. ನಾವು ಇಲ್ಲಿ ನೋಡುವುದು ಬೂಗರ್ ಕುಣಿತದ ಮುಖವಾಡ ಮಾತ್ರ. ಇದರ ನೆಲೆ ಅಮೆರಿಕದ ಉತ್ತರ ಕೆರೊಲೈನಾದ ಬೆಟ್ಟಗಳಲ್ಲಿರುವ ಚೆರೊಕಿ ಜನರ ಪ್ರದೇಶ, ಕ್ವಾಲಾ ಬೌಂಡರಿ.

ಉಳಿ ಹಿಡಿಯುವ ಮುಂಚೆ ಕುಣಿತ ಗೊತ್ತಿರಬೇಕು. ಚಳಿಗಾಲದ ರಾತ್ರಿ, ಒಂದು ಮನೆಯಲ್ಲಿ ಜನ ಸೇರಿರುತ್ತಾರೆ. ಹರಕು ಬಟ್ಟೆ, ಕೌದಿ ಹೊದ್ದ ಮುಖವಾಡದವರು ಗಲಾಟೆ ಮಾಡುತ್ತಾ ನುಗ್ಗುತ್ತಾರೆ. ಯಾರು ನೀವು, ಎಲ್ಲಿಂದ ಬಂದಿರಿ, ಏನು ಬೇಕು ಅಂತ ಯಜಮಾನ ಕೇಳುತ್ತಾನೆ. ಉತ್ತರ ಅವನ ಕಿವಿಯಲ್ಲಿ, ಪಿಸುಮಾತಿನಲ್ಲಿ. ದೂರದೂರಿನವರು ಅನ್ನುತ್ತಾರೆ, ಪೋಲಿ ಹೆಸರು ಹೇಳುತ್ತಾರೆ, ಹೆಣ್ಣು ಬೇಕು, ಜಗಳ ಬೇಕು ಅನ್ನುತ್ತಾರೆ. ಕೊನೆಗೆ ಕುಣಿಯುವುದಕ್ಕೆ ಒಪ್ಪುತ್ತಾರೆ. ಬೂಗರ್ ಅಂದರೆ ಹೊರಗಿನವನು: ಬಿಳಿಯ, ಆಫ್ರಿಕಾ ಮೂಲದವನು, ಬೇರೆ ಬುಡಕಟ್ಟಿನವನು. ಮುಖವಾಡ ಅವನ ಅಣಕ. ಹಾಗಾಗಿ ಕಣ್ಣು ಮೂಗು ಅಂದವಾಗಿ ಕೂರಿಸಲು ಹೋದರೆ ಕೆಲಸವೇ ಕೆಟ್ಟಿತು. ಮೂಗು ಜಾಸ್ತಿ ಉದ್ದವಿರಬೇಕು, ಬಾಯಿ ಸೊಟ್ಟಗಿರಬೇಕು.

ಮರ ಹೆಚ್ಚಾಗಿ ಬಕ್‌ಐ (buckeye) ಎಂಬ ಅಲ್ಲಿನ ಮರ. ಚನ್ನಪಟ್ಟಣದ ಗೊಂಬೆಗೆ ಹಾಲೆ ಮರ ಇದ್ದ ಹಾಗೆ ಅಂದುಕೊಳ್ಳಿ: ಮೆತ್ತಗೆ, ಹಗುರ, ಬಿಳಿಚು ಬಣ್ಣ. ರಾತ್ರಿ ಕುಣಿಯುವವನ ಮುಖಕ್ಕೆ ಕಟ್ಟುವ ವಸ್ತು ಭಾರವಿದ್ದರೆ ಹೇಗೆ, ಅಲ್ವಾ? ದಿಮ್ಮಿಯನ್ನು ಉದ್ದಕ್ಕೆ ಎರಡು ಹೋಳು ಮಾಡಬೇಕು. ಉಬ್ಬಿದ ಬದಿ ಮುಖವಾಗುತ್ತದೆ, ಚಪ್ಪಟೆ ಬದಿಯನ್ನು ಒಳಗಿನಿಂದ ತೋಡುತ್ತಾರೆ. ನಡುವಿನ ತಿರುಳು ಹೋದರೆ ಸೀಳುವ ಭಯ ಅರ್ಧ ಕಡಿಮೆ. ಹಸಿ ಮರ ಕೆತ್ತಲು ಸುಲಭ, ಆದರೆ ಕೊನೆಗಳು ಬೇಗ ಒಣಗಿ ಬಿರುಕು ಬಿಡುತ್ತವೆ. ಅಲ್ಲಿಗೆ ಮೇಣ ಬಳಿದು ನೆರಳಲ್ಲಿಡಿ.

ಮೂಗಿನಿಂದ ಶುರು ಮಾಡಿ. ಹೋಳಿನ ಅತಿ ಎತ್ತರದ ಗೆರೆ ಅದಕ್ಕೇ ಮೀಸಲು. ಮೂಗಿನ ಬುಡದಲ್ಲಿ ಅಡ್ಡಲಾಗಿ ಒಂದು ಆಳವಾದ ಗೀರು ಹಾಕಿ, ಆಮೇಲೆ ತುಟಿಯ ಕಡೆಯಿಂದ ಆ ಗೀರಿನವರೆಗೆ ಚೂರು ಎಬ್ಬಿಸಿ. ಗೀರು ಹಾಕದೆ ತಳ್ಳಿದರೆ ಉಳಿ ಸೀದಾ ಮೂಗಿನೊಳಗೆ ನುಗ್ಗುತ್ತದೆ. ಕಣ್ಣಿನ ತೂತು ಕೊನೆಗೆ.

ಬಣ್ಣ ಕಾಡಿನದು: ಕಂದು, ಕಪ್ಪಿಗೆ ಕರಿ ವಾಲ್ನಟ್, ಕೆಂಪಿಗೆ ಬ್ಲಡ್‌ರೂಟ್ ಬೇರು. ಗಡ್ಡ, ಹುಬ್ಬಿಗೆ ಪ್ರಾಣಿಯ ತುಪ್ಪಳ. ಎಲ್ಲ ಬೂಗರ್ ಮುಖವಾಡಗಳೂ ಮರದವಲ್ಲ. ಸೋರೆಬುರುಡೆಯವು, ಕಣಜದ ಹುಳುವಿನ ಗೂಡಿನವು ಕೂಡ ಇವೆ. ನನಗೆ ಗೂಡಿನವೇ ಜಾಸ್ತಿ ಭಯ ಹುಟ್ಟಿಸುತ್ತವೆ.

ಹೆಸರು ನೆನಪಿಡಬೇಕಾದವರು ಕ್ವಾಲಾ ಬೌಂಡರಿಯ ಬಿಗ್ ಕೋವ್ ಊರಿನ ಮುಖವಾಡ ಕೆತ್ತನೆಗಾರ ವಿಲ್ ವೆಸ್ಟ್ ಲಾಂಗ್. 1947ರಲ್ಲಿ ತೀರಿಕೊಂಡರು. ಮಾನವಶಾಸ್ತ್ರಜ್ಞ ಫ್ರಾಂಕ್ ಸ್ಪೆಕ್‌ಗೆ ಕುಣಿತಗಳ ವಿವರ ಕೊಟ್ಟವರೂ ಇವರೇ. ಮಗ ಆ್ಯಲನ್ ಲಾಂಗ್ ಕೂಡ ಮುಖವಾಡ ಕೆತ್ತಿದರು. ಕ್ವಾಲಾ ಆರ್ಟ್ಸ್ ಆ್ಯಂಡ್ ಕ್ರಾಫ್ಟ್ಸ್ ಮ್ಯೂಚುವಲ್ ಎಂಬ ಕುಶಲಕರ್ಮಿಗಳ ಸಹಕಾರ ಸಂಘ 1946ರಲ್ಲಿ ಶುರುವಾಯಿತು. ಪ್ರವಾಸಿಗರಿಗೆಂದು ಕೆತ್ತಿದ, ಯಾವತ್ತೂ ಕುಣಿಯದ ಮುಖವಾಡಗಳೂ ಬಹಳ ಇವೆ. ಚಿತ್ರ ನೋಡಿ ಕಲಿಯುವವರು ಹಿಂಬದಿಯ ಚಿತ್ರವನ್ನೂ ಹುಡುಕಿ. ಮುಖ ಹಿಡಿಸುವಷ್ಟು ಒಳಗೆ ತೋಡದಿದ್ದರೆ ಅದು ಗೋಡೆಗೆ ಮಾಡಿದ್ದು.