ನಮ್ಮ ಸುದ್ದಿ ನಾವೇ ಓದಬೇಕೇನ್ರಿ?

ಚಿಂಚೋಳಿ ಕಡೆಯ ಅರೆಕಾಲಿಕ ವರದಿಗಾರರೊಬ್ಬರು ಡೆಸ್ಕ್‌ಗೆ ಫೋನ್ ಮಾಡಿ ಸುದ್ದಿ ಹೇಳಿ ಮುಗಿಸಿದ ಮೇಲೆ ತಪ್ಪದೆ ಒಂದು ಮಾತು ಕೇಳುತ್ತಿದ್ದರು: "ಸರ, ಇದು ಬೆಂಗಳೂರಿನ್ಯಾಗೂ ಬರ್ತದೇನ್ರಿ?" ಇಲ್ಲ ಎಂದರೆ, "ಹಂಗಾರ ನಮ್ಮ ಸುದ್ದಿ ನಾವೇ ಓದಬೇಕೇನ್ರಿ?" ಕಲಬುರಗಿಯಲ್ಲಿ ಜಿಲ್ಲಾ ಪುಟ ಕಟ್ಟುತ್ತ ವರ್ಷಗಳನ್ನು ಕಳೆದವನು ನಾನು. ಮಾಧ್ಯಮ ಸಮಾಜದ ಮೇಲೆ ಹೇಗೆ ಪ್ರಭಾವ ಬೀರುತ್ತದೆ ಎಂದು ಕಾಲೇಜು ಹುಡುಗರು ಕೇಳಿದಾಗ ನಾನು ಶುರು ಮಾಡುವುದು ಈ ಪ್ರಶ್ನೆಯಿಂದಲೇ.

ಚಾನೆಲ್ಲಿನವರು ಸುಳ್ಳು ಹೇಳಿ ಜನರ ತಲೆ ಕೆಡಿಸುತ್ತಾರೆ ಎಂಬ ಮಾತು ಚಹಾದಂಗಡಿಯಲ್ಲಿ ದಿನಾ ಕೇಳಿಬರುತ್ತದೆ. ಸುಳ್ಳು ಅಪಾಯಕಾರಿ ನಿಜ. ಆದರೆ ಹೇಳಿದ ಸುಳ್ಳು ಎಂದಾದರೂ ಸಿಕ್ಕಿಬೀಳುತ್ತದೆ. ಹೇಳದೇ ಬಿಟ್ಟದ್ದು ಸಿಕ್ಕಿಬೀಳುವುದಿಲ್ಲ. ಯಾವುದನ್ನು ಬಿಡಬೇಕು, ಯಾವುದನ್ನು ಯಾರಿಗೆ ತೋರಿಸಬೇಕು ಎಂಬ ತೀರ್ಮಾನದಲ್ಲೇ ಮಾಧ್ಯಮದ ನಿಜವಾದ ಬಲವಿದೆ ಎಂಬುದು ನನ್ನ ಅನುಭವ.

ದೊಡ್ಡ ಪತ್ರಿಕೆಗಳ ಮುಖಪುಟ, ದೇಶ-ವಿದೇಶ, ಕ್ರೀಡೆ, ಸಂಪಾದಕೀಯ ಪುಟಗಳು ಹೆಚ್ಚುಕಡಿಮೆ ಎಲ್ಲ ಆವೃತ್ತಿಗೂ ಒಂದೇ. ಒಳಗಿನ ಕೆಲವು ಪುಟಗಳು ಮಾತ್ರ ಜಿಲ್ಲೆಯಿಂದ ಜಿಲ್ಲೆಗೆ ಬದಲಾಗುತ್ತವೆ. ಯಾದಗಿರಿಯ ಒಂದು ತಾಲೂಕು ಆಸ್ಪತ್ರೆಯಲ್ಲಿ ಹೆರಿಗೆ ವೈದ್ಯರಿಲ್ಲ ಎನ್ನಿ. ಆ ಸುದ್ದಿ ಯಾದಗಿರಿ ಪುಟದಲ್ಲಿ ಐದು ಕಾಲಂ ಲೀಡ್ ಆಗಿ ಬಂದರೂ ಬೀದರಿನವರ ಕಣ್ಣಿಗೆ ಬೀಳುವುದಿಲ್ಲ. ಬೀದರಿನ ಯಾವುದೋ ತಾಲೂಕಿನಲ್ಲೂ ಅದೇ ಗೋಳು ಇರುತ್ತದೆ. ಅದು ಬೀದರ್ ಪುಟ ದಾಟುವುದಿಲ್ಲ. ಎರಡೂ ಜೊತೆಗೆ ಅಚ್ಚಾಗಿದ್ದರೆ ಇಡೀ ಪ್ರದೇಶದ ಪ್ರಶ್ನೆಯಾಗಿ ಎದ್ದು ನಿಲ್ಲುತ್ತಿತ್ತು. ಬೇರೆಬೇರೆಯಾಗಿ ಬಂದರೆ ಎರಡು ಊರಿನ ಎರಡು ದೂರು, ಅಷ್ಟೇ. ಅತ್ತ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ಗೋಳು, ಅಲ್ಲಿಗೆ ಎಂದೂ ಹೋಗದ ಆಳಂದದ ರೈತನಿಗೂ ಬಾಯಿಪಾಠ.

ಇದರ ಪರಿಣಾಮ ರಾಜಕೀಯಕ್ಕೂ ತಟ್ಟುತ್ತದೆ. ಭೂಮಿಪೂಜೆ, ಸನ್ಮಾನ, ಹುಟ್ಟುಹಬ್ಬದ ಫೋಟೊ ಜಿಲ್ಲಾ ಪುಟದಲ್ಲಿ ಬಂದರೆ ಸಾಕು, ಶಾಸಕರ ಮುಖ ಮತದಾರರಿಗೆ ತಲುಪಿತು. ರಾಜಧಾನಿಯಲ್ಲಿ ಯಾರೂ ಓದದ ಸಮಸ್ಯೆಗೆ ರಾಜಧಾನಿಯಲ್ಲಿ ಉತ್ತರ ಕೊಡಬೇಕಾದ ಒತ್ತಡವೂ ಹುಟ್ಟುವುದಿಲ್ಲ. ದಶಕಗಳ ಹೋರಾಟದ ನಂತರ 2012ರಲ್ಲಿ ಸಂವಿಧಾನಕ್ಕೆ 98ನೇ ತಿದ್ದುಪಡಿ ತಂದು ನಮ್ಮ ಕಲ್ಯಾಣ ಕರ್ನಾಟಕ ಭಾಗದವರಿಗೆ ಉದ್ಯೋಗ, ಶಿಕ್ಷಣದಲ್ಲಿ ಮೀಸಲಾತಿಗೆ ಅವಕಾಶ ಕೊಡುವ 371(ಜೆ) ವಿಧಿಯನ್ನು ಸೇರಿಸಲಾಯಿತು. ಅದು ಕೊಟ್ಟ ಮೀಸಲಾತಿ ಎಷ್ಟರಮಟ್ಟಿಗೆ ಜಾರಿಯಾಗಿದೆ, ಎಷ್ಟು ಹುದ್ದೆ ಖಾಲಿ ಬಿದ್ದಿವೆ ಎಂಬ ವರದಿಗಳನ್ನು ನಮ್ಮ ಭಾಗದ ಪತ್ರಕರ್ತರು ಬರೆಯುತ್ತಲೇ ಇದ್ದಾರೆ. ಅವುಗಳಲ್ಲಿ ಬಹಳಷ್ಟನ್ನು ಓದುವವರು ಆ ಖಾಲಿ ಹುದ್ದೆಗೆ ಕಾದು ಕೂತ ನಮ್ಮ ಮಕ್ಕಳೇ.

1968ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಹೊತ್ತಿಗೆ ಮ್ಯಾಕ್ಸ್‌ವೆಲ್ ಮೆಕೋಂಬ್ಸ್ ಮತ್ತು ಡೊನಾಲ್ಡ್ ಶಾ ಎಂಬ ಇಬ್ಬರು ಪ್ರಾಧ್ಯಾಪಕರು ಚಾಪೆಲ್ ಹಿಲ್ ಎಂಬ ಊರಿನಲ್ಲಿ, ಯಾರಿಗೆ ಮತ ಹಾಕಬೇಕೆಂದು ಇನ್ನೂ ತೀರ್ಮಾನಿಸದ 100 ಮತದಾರರನ್ನು ಮಾತಾಡಿಸಿದರು. ದೇಶದ ಮುಖ್ಯ ಸಮಸ್ಯೆ ಯಾವುದು ಎಂದು ಕೇಳಿ, ಉತ್ತರಗಳನ್ನು ಆಗಿನ ಪತ್ರಿಕೆ, ಟಿವಿಗಳ ಸುದ್ದಿಯ ಪಕ್ಕದಲ್ಲಿಟ್ಟು ನೋಡಿದರು. ಎರಡರ ಆದ್ಯತೆಯ ಕ್ರಮ ಬಹುತೇಕ ಒಂದೇ ಆಗಿತ್ತು. 1972ರಲ್ಲಿ ಪ್ರಕಟವಾದ ಈ ಅಧ್ಯಯನ ಈಗ ಪತ್ರಿಕೋದ್ಯಮದ ಪ್ರತಿ ತರಗತಿಯಲ್ಲೂ ಪಾಠ. ಯಾರಿಗೆ ಮತ ಹಾಕಬೇಕೆಂಬುದನ್ನು ಮಾಧ್ಯಮ ಹೇಳಲಾರದೇನೋ. ಯಾವ ವಿಷಯವನ್ನು ತಲೆಯಲ್ಲಿಟ್ಟುಕೊಂಡು ಮತಗಟ್ಟೆಗೆ ಹೋಗಬೇಕೆಂಬುದನ್ನು ಮಾತ್ರ ಹೇಳಿಬಿಡುತ್ತದೆ.

ಇನ್ನು ತೊಗರಿಗೆ ಬರೋಣ. ನಮ್ಮಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಬೇಳೆ ದರ ಏರಿದಾಗ ಟಿವಿಯವರು ಕ್ಯಾಮೆರಾ ಹಿಡಿದು ಹೋಗುವುದು ಬೆಂಗಳೂರಿನ ಕಿರಾಣಿ ಅಂಗಡಿಗೆ, ಅಲ್ಲಿಂದ ಅಡುಗೆಮನೆಗೆ. "ಗ್ರಾಹಕರ ಜೇಬಿಗೆ ಕತ್ತರಿ" ಎಂದು ಶೀರ್ಷಿಕೆ ಬೀಳುತ್ತದೆ. ಅದರಲ್ಲಿ ಸುಳ್ಳೇನೂ ಇಲ್ಲ. ಆ ಅಡುಗೆಮನೆಯ ತಾಯಿಯ ಕಷ್ಟ ನಿಜವಾದದ್ದೇ. ಆದರೆ ಅದೇ ವರದಿಗಾರ ಕಲಬುರಗಿಯ ಎಪಿಎಂಸಿ ಯಾರ್ಡಿಗೆ ಬಂದಿದ್ದರೆ ಬೇರೆಯದೇ ಕಥೆ ಸಿಗುತ್ತಿತ್ತು. 2022ರ ಹಂಗಾಮಿನಲ್ಲಿ ಕಾಯಿ ಕಟ್ಟುವ ಹೊತ್ತಿಗೆ ನೆಟೆರೋಗ ಬಂದು ಗಿಡಗಳು ನಿಂತಲ್ಲೇ ಒಣಗಿದವು. ದರ ಏರಿದ್ದರ ಹಿಂದೆ ಕೈಗೆ ಬಾರದ ಆ ಬೆಳೆಯೂ ಇತ್ತು. ದರ ಚೆನ್ನಾಗಿದ್ದಾಗ ಮಾರಲು ಅನೇಕ ರೈತರ ಮನೆಯಲ್ಲಿ ಮಾಲೇ ಇರಲಿಲ್ಲ.

ಸಮಸ್ಯೆಗೆ ಯಾವ ಹೆಸರಿಡುತ್ತೇವೋ ಪರಿಹಾರವೂ ಅದೇ ದಾರಿ ಹಿಡಿಯುತ್ತದೆ. "ಬೆಲೆ ಏರಿಕೆ" ಎಂದರೆ ಪರಿಹಾರ ಬೆಲೆ ಇಳಿಸುವುದು. ಕೇಂದ್ರ ಸರ್ಕಾರ 2021ರ ಮೇ ತಿಂಗಳಲ್ಲಿ ತೊಗರಿ ಆಮದಿನ ಮೇಲಿನ ನಿರ್ಬಂಧ ತೆಗೆಯಿತು. 2023ರ ಜೂನ್‌ನಲ್ಲಿ ವ್ಯಾಪಾರಿಗಳ ದಾಸ್ತಾನಿಗೆ ಮಿತಿ ಹಾಕಿತು. ಮಯನ್ಮಾರ್, ಮೊಜಾಂಬಿಕ್‌ನಿಂದ ಮಾಲು ಬಂತು. ಟಿವಿ ನೋಡಿಯೇ ಸರ್ಕಾರ ಇದನ್ನೆಲ್ಲ ಮಾಡಿತು ಎಂದು ನಾನು ಹೇಳುತ್ತಿಲ್ಲ. ಆದರೆ ಇದನ್ನು "ಬೆಳೆ ನಷ್ಟ" ಎಂಬ ಹೆಸರಿನಲ್ಲಿ ದೇಶ ನೋಡಿದ್ದರೆ, ನೆಟೆರೋಗ ತಡೆಯುವ ತಳಿ, ವಿಮೆ, ಖರೀದಿ ಕೇಂದ್ರ ಎಂಬ ಪ್ರಶ್ನೆಗಳೂ ಚಾನೆಲ್ ಚರ್ಚೆಯ ಮೇಜಿಗೆ ಬರುತ್ತಿದ್ದವು. ದರ ಕುಸಿದಾಗ ಇಲ್ಲಿನ ರೈತರು ರಸ್ತೆಗಿಳಿಯುತ್ತಾರೆ. ಆಗ ಅಡುಗೆಮನೆಗೆ ಹೋಗಿದ್ದ ಕ್ಯಾಮೆರಾ ಇತ್ತ ಬರುವುದು ಅಪರೂಪ. ಇದನ್ನು ಬರೆಯುವಾಗ ನನಗೆ ಇಂದಿಗೂ ಸಂಕಟವಾಗುತ್ತದೆ.

ನಮ್ಮ ಭಾಗಕ್ಕಾಗಿಯೇ ಕಾರ್ಯಕ್ರಮ ಮಾಡಿದ ಕಾಲವೂ ಒಂದಿತ್ತು ಎಂಬುದು ಈಗಿನ ಹುಡುಗರಿಗೆ ಗೊತ್ತಿಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ, ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಇಸ್ರೊ ನಡೆಸಿದ 'ಸೈಟ್' ಎಂಬ ಶೈಕ್ಷಣಿಕ ಟಿವಿ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಬಂತು. ಕರ್ನಾಟಕದಲ್ಲಿ ಆಯ್ಕೆಯಾದದ್ದು ಆಗಿನ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ. ಊರಿಗೊಂದು ಸೆಟ್ಟು, ಊರವರೆಲ್ಲ ಕೂತು ನೋಡಬೇಕು. ಅದು ತುರ್ತು ಪರಿಸ್ಥಿತಿಯ ಕಾಲ, ಸರ್ಕಾರ ಬಯಸಿದ್ದೇ ಪರದೆಗೆ ಬರುತ್ತಿತ್ತು. ಆ ದೋಷವನ್ನು ಮರೆಯಬಾರದು. ಆದರೂ ಜೊತೆಗೆ ಕೂತು ನೋಡುವುದರಲ್ಲಿ ಒಂದು ಲಾಭವಿತ್ತು. ಪಕ್ಕದಲ್ಲಿ ಕೂತವರು "ಹಂಗಲ್ಲೋ ತಮ್ಮಾ" ಎನ್ನಬಹುದಿತ್ತು.

ಕೈಯೊಳಗಿನ ಫೋನಿಗೆ ಹಾಗೆ ಹೇಳುವವರು ಯಾರೂ ಇಲ್ಲ. 2018ರಲ್ಲಿ ಮಕ್ಕಳ ಕಳ್ಳರ ಹೆಸರಿನಲ್ಲಿ ಕರ್ನಾಟಕದ ಫೋನುಗಳಲ್ಲಿ ಒಂದು ವಿಡಿಯೊ ಓಡಾಡಿತು. ಬೈಕಿನಲ್ಲಿ ಬಂದ ಇಬ್ಬರು ಓಣಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಬಗ್ಗೆ ಎಚ್ಚರ ಮೂಡಿಸಲು ಮಾಡಿದ ಚಿತ್ರ. ಮೂಲದಲ್ಲಿ ಅವರು ಮಗುವನ್ನು ವಾಪಸ್ ತಂದು ಇಳಿಸಿ, ಸಂದೇಶವಿರುವ ಫಲಕ ಎತ್ತಿ ತೋರಿಸುತ್ತಾರೆ. ಆ ಕೊನೆಯನ್ನು ಯಾರೋ ಕತ್ತರಿಸಿ ಹಾಕಿದ್ದರು. ಹೊಸದಾಗಿ ಏನನ್ನೂ ಸೇರಿಸಬೇಕಾಗಿರಲಿಲ್ಲ, ಕೆಲವು ಸೆಕೆಂಡು ಬಿಟ್ಟರೆ ಸಾಕಿತ್ತು. ಇಂಥ ವದಂತಿಗಳಿಂದ ಊರೂರೂ ಹೆದರಿ ಕೂತಿದ್ದ ಆ ವರ್ಷದ ಜುಲೈ 13ರಂದು ಬೀದರ್ ಜಿಲ್ಲೆಗೆ ಬಂದಿದ್ದ ಹೈದರಾಬಾದಿನ ಗೆಳೆಯರ ಗುಂಪೊಂದು ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತು. ಮಕ್ಕಳ ಕಳ್ಳರೆಂಬ ಸಂದೇಶ ಅವರ ಕಾರಿಗಿಂತ ಮೊದಲೇ ಮುರ್ಕಿ ಎಂಬ ಹಳ್ಳಿ ತಲುಪಿತ್ತು. ಅಲ್ಲಿ ಜನ ಸೇರಿ ಹೊಡೆದರು. ಒಬ್ಬ ಯುವ ಎಂಜಿನಿಯರ್ ಸತ್ತುಹೋದ. ಅದೇ ತಿಂಗಳು ವಾಟ್ಸ್ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳುಹಿಸುವ ಮಿತಿಯನ್ನು ಪ್ರಕಟಿಸಿತು.

ಹೊಡೆದವರು ಟಿವಿ, ಫೋನು ನೋಡಿ ಕೆಟ್ಟರು ಎಂದು ಹೇಳಿ ಕೈತೊಳೆದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಕೈ ಎತ್ತಿದವರೇ ಹೊಣೆ. ಆದರೆ ಆ ಭಾಗದಲ್ಲಿ ನಿಜಕ್ಕೂ ಮಗು ಕಾಣೆಯಾಗಿದೆಯೇ ಎಂಬುದನ್ನು ಪೊಲೀಸ್ ಠಾಣೆಯಿಂದ ತಿಳಿದು, ಜನ ನಂಬುವ ದನಿಯಲ್ಲಿ ಅದೇ ದಿನ ಹಳ್ಳಿಗೆ ಮುಟ್ಟಿಸಬಲ್ಲ ಸ್ಥಳೀಯ ಸುದ್ದಿ ವ್ಯವಸ್ಥೆ ನಮ್ಮಲ್ಲಿ ಬಡಕಲಾಗಿತ್ತು. ತಾಲೂಕಿನ ವರದಿಗಾರರಿಗೆ ಸರಿಯಾದ ಸಂಬಳವಿಲ್ಲ, ಅನೇಕರು ಜಾಹೀರಾತು ತಂದುಕೊಟ್ಟೇ ಬದುಕಬೇಕು. ಅಂಥವರಿಂದ ರಾತ್ರೋರಾತ್ರಿ ವದಂತಿಯ ಬೆನ್ನು ಹತ್ತಿ ಎಂದು ಕೇಳುವುದು ಹೇಗೆ?

ಹೊಸದಾಗಿ ಬರುವ ವರದಿಗಾರರಿಗೆ ನಾನು ಹೇಳುವುದು ಇಷ್ಟು: ನಿಮ್ಮ ತಾಲೂಕಿನ ಸಮಸ್ಯೆ ಬರೆಯುವ ಮೊದಲು ಪಕ್ಕದ ಎರಡು ಜಿಲ್ಲೆಯವರಿಗೆ ಫೋನ್ ಮಾಡಿ. ಮೂರೂ ಕಡೆ ಅದೇ ಇದ್ದರೆ ಮಾಹಿತಿ ಹಕ್ಕಿನಲ್ಲಿ ಇಲಾಖೆಯ ಅಂಕಿಅಂಶ ತೆಗೆಸಿ, ಒಂದೇ ವರದಿ ಮಾಡಿ. ಅಂಥದ್ದನ್ನು ಜಿಲ್ಲಾ ಪುಟಕ್ಕೆ ತಳ್ಳುವುದು ಬೆಂಗಳೂರಿನ ಡೆಸ್ಕ್‌ಗೂ ಕಷ್ಟ. ಓದುಗರು ಆ ಮೂರು ಜಿಲ್ಲೆಯ ತುಣುಕುಗಳನ್ನು ಕತ್ತರಿಸಿ ಅಧಿವೇಶನಕ್ಕೆ ಮುಂಚೆ ತಮ್ಮ ಶಾಸಕರ ಕೈಗೆ ಕೊಟ್ಟು, ಇದನ್ನು ಪ್ರಶ್ನೆಯಾಗಿ ಕೇಳ್ರಿ ಎನ್ನಬಹುದು. ಸದನದಲ್ಲಿ ಸಚಿವರು ಕೊಡುವ ಉತ್ತರ ಕಡತಕ್ಕೆ ಸೇರುತ್ತದೆ, ಎಲ್ಲ ಆವೃತ್ತಿಗಳ ವರದಿಗಾರರೂ ಅದನ್ನು ಕೇಳಿಸಿಕೊಂಡಿರುತ್ತಾರೆ.